ಸುಣ್ಣದ ಗೋಡೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಕೆಲಸದಲ್ಲಿದ್ದಾನೆ. ತರಗತಿಯಲ್ಲಿ ಹಿಂದಿನ ಬೆಂಚನ್ನು ಎಂದೂ ಬಿಟ್ಟುಕೊಡದಿದ್ದವನು. ಹಳಗನ್ನಡದ ಪಾಠ ಮುಗಿಯುವ ಗಂಟೆಗಾಗಿ ಭಕ್ತಿಯಿಂದ ಕಾಯುತ್ತಿದ್ದವನು. ಅಂಥವನಿಗೆ ಮೇಷ್ಟರ ನೆನಪು ಯಾಕೆ ಬಂದಿತೋ, ಕಳೆದ ದೀಪಾವಳಿಗೆ ಊರಿಗೆ ಬಂದಾಗ ಒಂದು ಕಟ್ಟು ಚಿತ್ರದ ಕಾರ್ಡುಗಳನ್ನು ತಂದುಕೊಟ್ಟ. ಮನೆಯ ಮಕ್ಕಳು ಚಾಕೊಲೇಟನ್ನು ನಿರೀಕ್ಷಿಸಿದ್ದರು. ಅವರ ನಿರಾಶೆಯನ್ನು ಇಲ್ಲಿ ವರ್ಣಿಸಬೇಕಾಗಿಲ್ಲ.

ಕಾರ್ಡುಗಳೆಲ್ಲವೂ ಚರ್ಚುಗಳ ಒಳನೋಟಗಳು. ಬರೆದವನು ಪೀಟರ್ ಸಾನ್ರೆಡಾಮ್ ಎಂಬ ಡಚ್ ಚಿತ್ರಕಾರ. 1597ರಲ್ಲಿ ಹುಟ್ಟಿ 1665ರಲ್ಲಿ ತೀರಿಕೊಂಡವನು. ಕಾಗದದ ಮೇಲೆ ಲೇಖನಿಯ ಗೆರೆ, ಅದರ ಮೇಲೆ ತೆಳ್ಳಗೆ ನೀರುಬಣ್ಣ. ಎತ್ತರದ ಕಂಬಗಳು, ಕಮಾನುಗಳು, ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದ ಒಂದು ಬೆಳಕು, ಮತ್ತೆ ಗೋಡೆ, ಗೋಡೆ, ಗೋಡೆ. ಎಲ್ಲೋ ಒಂದು ಮೂಲೆಯಲ್ಲಿ ಗುಬ್ಬಿಯಷ್ಟು ಗಾತ್ರದ ಇಬ್ಬರು ಮನುಷ್ಯರು. ಮೊದಲ ನೋಟಕ್ಕೆ ಇದರಲ್ಲೇನಿದೆ ಎನ್ನಿಸುತ್ತದೆ. ಎರಡು ದಿನ ಮೇಜಿನ ಮೇಲಿಟ್ಟುಕೊಂಡರೆ ತೆಗೆದಿಡಲು ಮನಸ್ಸಾಗುವುದಿಲ್ಲ.

ಆ ವಾರವೇ ದೊಡ್ಮನೆಯಿಂದ ಚಿಕ್ಕಮ್ಮನ ಫೋನು ಬಂತು. "ಬೆಂಗ್ಳೂರಿಂದ ಯಾರೋ ಬತ್ತಡ, ನಿನ್ನ ಚಿಕ್ಕಪ್ಪನ ಚಿತ್ರ ನೋಡಲೆ. ನೀನೂ ಬಾ." ಕಾರ್ಡಿನ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡೇ ಬಸ್ಸು ಹತ್ತಿದೆ.

ದೊಡ್ಮನೆಯ ಹೆಸರು ಓದುಗರಿಗೆ ರಾಮಕೃಷ್ಣ ಹೆಗಡೆಯವರ ಊರೆಂದು ಗೊತ್ತಿರಬಹುದು. ಸಿದ್ದಾಪುರದಿಂದ ಕುಮಟೆಗೆ ಇಳಿಯುವ ದಾರಿಯಲ್ಲಿ, ಘಾಟಿ ಆರಂಭವಾಗುವ ಮುನ್ನ ಸಿಕ್ಕುವ ಸೀಮೆ. ಅಡಿಕೆ ತೋಟ, ಬೆಟ್ಟ, ಹಳ್ಳ, ಮತ್ತೆ ಅಡಿಕೆ ತೋಟ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸಬೇಕು, ಆದರೆ ಕಾಣಿಸಬಾರದು ಎಂಬಂತೆ ಕಟ್ಟಿಕೊಂಡ ಮನೆಗಳು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿಯ ಗೋಡೆಗಳಿಗೆ ಬೇರೆ ಕೆಲಸವೇ ಇಲ್ಲ, ನೀರು ಕುಡಿಯುವುದೊಂದೇ. ಗೋಡೆಯ ಕಥೆ ಹೇಳಹೊರಟವನು ಮಳೆಯನ್ನು ಮೊದಲೇ ನೆನೆದುಬಿಡುವುದು ಒಳ್ಳೆಯದು.

ಜಗಲಿಯಲ್ಲಿ ಕುಳಿತು ಕವಳದ ಹರಿವಾಣ ಮುಂದಕ್ಕೆ ಬಂದಮೇಲೆ ಕಾರ್ಡುಗಳನ್ನು ತೆಗೆದು ತೋರಿಸಿದೆ. ಚಿಕ್ಕಮ್ಮ ಕನ್ನಡಕ ಏರಿಸಿ ಒಂದೊಂದಾಗಿ ನೋಡಿದಳು.

"ಇದೆಂತ ದೇವಸ್ಥಾನ ತಮ್ಮಾ! ದೇವ್ರೇ ಇಲ್ಲೆ."

ದೊಡ್ಡ ದೊಡ್ಡ ಕಲಾವಿಮರ್ಶಕರು ಹೇಳುವುದಕ್ಕೆ ಒಂದು ಅಧ್ಯಾಯ ತೆಗೆದುಕೊಳ್ಳುವ ಮಾತನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ದೇವರಿಲ್ಲವೆಂದಲ್ಲ, ದೇವರ ಮೂರ್ತಿಗಳಿಲ್ಲ. ಒಂದು ಕಾಲಕ್ಕೆ ಈ ಚರ್ಚುಗಳ ತುಂಬ ಮೂರ್ತಿಗಳಿದ್ದವು, ಬಣ್ಣದ ಚಿತ್ರಗಳಿದ್ದವು. 1566ರಲ್ಲಿ ಆ ದೇಶದಲ್ಲಿ ವಿಗ್ರಹಭಂಜನದ ಒಂದು ಬಿರುಗಾಳಿ ಎದ್ದಿತು. ಮುಂದೆ ಚರ್ಚುಗಳು ಪ್ರಾಟೆಸ್ಟಂಟರ ಕೈಗೆ ಬಂದವು. ಪ್ರಾರ್ಥಿಸುವವನ ಕಣ್ಣು ಬೇರೆಡೆಗೆ ಹೊರಳಬಾರದೆಂದು ಒಳಗಿದ್ದದ್ದನ್ನೆಲ್ಲ ತೆಗೆದು, ಗೋಡೆಯ ಮೇಲಿನ ಚಿತ್ರಗಳಿಗೆ ಸುಣ್ಣ ಬಳಿದರು. ಸಾನ್ರೆಡಾಮ್ ಹುಟ್ಟುವ ಹೊತ್ತಿಗೆ ಸುಣ್ಣ ಒಣಗಿಹೋಗಿತ್ತು. ಅವನು ಬರೆದದ್ದು ಆ ಬಿಳಿಯನ್ನು. ಅವನ ಕಾಗದದ ಮೇಲಿನ ಬೆಳಕೆಲ್ಲ ಚಿತ್ರಗಳನ್ನು ಮುಚ್ಚಿದ ಸುಣ್ಣದ ಮೇಲೆ ಬಿದ್ದ ಬೆಳಕು.

ಇದನ್ನು ಚಿಕ್ಕಮ್ಮನಿಗೆ ಹೇಳುತ್ತಿದ್ದಾಗ ನನ್ನ ನಾಲಿಗೆ ಸ್ವಲ್ಪ ತಡೆಯಿತು. ಯಾಕೆಂದು ಮುಂದೆ ಹೇಳುತ್ತೇನೆ. ಆಕೆ ಏನೂ ಹೇಳದೆ ಎದ್ದು ಒಳಗೆ ಹೋಗಿ ತಗಡಿನ ಟ್ರಂಕು ತಂದಳು.

ನನ್ನ ಚಿಕ್ಕಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದ್ದ. ಅದರ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗಿದ್ದ, ತಾನು ಬರೆದ ಚಿತ್ರಗಳಿಗೆ ಮಾತ್ರ ಎಂದೂ ಚೌಕಟ್ಟು ಹಾಕಿಸಲಿಲ್ಲ. ರಜಾದಿನದ ಮಧ್ಯಾಹ್ನ ಊಟ ಮುಗಿಸಿ, ಕ್ಯಾಮೆಲ್ ಬಣ್ಣದ ಡಬ್ಬಿಯನ್ನೂ ಒಂದು ಗಿಂಡಿ ನೀರನ್ನೂ ತೆಗೆದುಕೊಂಡು ನಮ್ಮ ಕೇರಿಯ ದೇವಸ್ಥಾನದ ಒಳಪೌಳಿಯಲ್ಲಿ ಹೋಗಿ ಕೂರುತ್ತಿದ್ದ. ಭಟ್ಟರು ಬಾಗಿಲು ಹಾಕಿ ಹೋಗಿರುವ ಹೊತ್ತು. ತೀರ್ಥಪ್ರಸಾದದ ಆಸೆಯೂ ಇಲ್ಲದ ಹೊತ್ತಿನಲ್ಲಿ ದೇವಸ್ಥಾನಕ್ಕೆ ಹೋಗುವ ಮನುಷ್ಯನನ್ನು ಊರು ಸ್ವಲ್ಪ ಅನುಮಾನದಿಂದಲೇ ನೋಡುತ್ತಿತ್ತು. ಅವನು 1998ರಲ್ಲಿ ತೀರಿಕೊಂಡ. ಉಳಿದದ್ದು 9 ಹಾಳೆಗಳು. ಚಿಕ್ಕಮ್ಮ ಅವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ನಡುನಡುವೆ ಒಣಗಿದ ಲಕ್ಕಿ ಸೊಪ್ಪು ಹಾಕಿ ಇಟ್ಟಿದ್ದಳು.

ಹಾಳೆಗಳಲ್ಲಿ ಇರುವುದು ನಮ್ಮ ದೇವಸ್ಥಾನದ ಒಳನೋಟ. ಹಲಸಿನ ಮರದ ಕಂಬಗಳು, ತೂಗುದೀಪ, ಓರೆಯಾಗಿ ಬಿದ್ದ ಬಿಸಿಲಿನ ಒಂದು ಪಟ್ಟಿ. ಹಿಂದೆ ಗೋಡೆ ತುಂಬ ಕಾವಿಯ ಚಿತ್ರಗಳು. ಗರುಡ, ಹನುಮ, ಒಂದು ಆನೆ, ಕಮಲಗಳ ಅಂಚು, ಕೆಳಗೆ ಹಂಸಗಳ ಸಾಲು.

ಕಾವಿ ಎಂದರೇನೆಂದು ಪಟ್ಟಣದ ಓದುಗರಿಗೆ ಎರಡು ಮಾತು ಹೇಳಬೇಕು. ಕೊಂಕಣ ಕರಾವಳಿಯುದ್ದಕ್ಕೂ ದೇವಾಲಯಗಳ ಗೋಡೆಗೆ ಕೆಂಪು ಬಿಳುಪು ಎರಡೇ ಬಣ್ಣದಲ್ಲಿ ಚಿತ್ರ ತೆಗೆಯುವ ವಿದ್ಯೆಯೊಂದಿತ್ತು. ಘಟ್ಟದ ಮೇಲೂ ಅದು ಹತ್ತಿಬಂತು. 1688ರಲ್ಲಿ ಸ್ಥಾಪನೆಯಾದ ಶಿರಸಿಯ ಮಾರಿಕಾಂಬೆಯ ಗುಡಿ ಹೆಸರಾದದ್ದರಲ್ಲಿ ಕಾವಿ ಚಿತ್ರಗಳ ಪಾಲೂ ಇದೆ. ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ನಯವಾದ ಮರಳನ್ನೂ ಬೆಲ್ಲದ ನೀರನ್ನೂ ಸೇರಿಸಿ, ದಿನಗಟ್ಟಲೆ ಕೊಳೆಯಲು ಬಿಟ್ಟು, ಕುಟ್ಟಿ ಹದ ಮಾಡಿ ಗೋಡೆಗೆ ಗಾರೆ ಹಾಕುತ್ತಾರೆ. ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಹುರಮಂಜಿಯ ಕೆಂಪನ್ನು ತೆಳ್ಳಗೆ ಬಳಿಯುತ್ತಾರೆ. ಅದು ಒಣಗುವುದರೊಳಗೆ, ಕೈವಾರದಿಂದ ವೃತ್ತ ಎಳೆದು, ಕಬ್ಬಿಣದ ಕಂಟದಿಂದ ಕೆಂಪನ್ನು ಕೆರೆದರೆ ಅಡಿಯ ಬಿಳಿ ಮೇಲೆ ಬರುತ್ತದೆ. ಓಲೆಗರಿಯ ಮೇಲೆ ಕಾವ್ಯ ಕೊರೆದ ಕಂಟಕ್ಕೂ ಇದಕ್ಕೂ ನಂಟು. ಇಟಲಿಯಲ್ಲಿ ಇಂಥದೇ ಕೆಲಸಕ್ಕೆ ಸ್ಗ್ರಾಫಿಟೊ ಎನ್ನುತ್ತಾರೆ. ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುವುದರಿಂದ ನಮ್ಮ ಮಳೆಗೂ ಅದು ಸುಲಭಕ್ಕೆ ಸೋಲುವುದಿಲ್ಲ. ಕುಂಚದ ಚಿತ್ರದಲ್ಲಿ ಗೋಡೆಗೆ ಏನನ್ನೋ ಸೇರಿಸುತ್ತಾರೆ. ಕಾವಿಯಲ್ಲಿ ಗೋಡೆಯಿಂದ ತೆಗೆಯುತ್ತಾರೆ. ಆದ್ದರಿಂದಲೇ ಕಾವಿಯನ್ನು ಯಾರೂ ಬಿಚ್ಚಿ ಒಯ್ಯಲಾರರು, ಮಾರಲಾರರು. ಗೋಡೆ ಇದ್ದರೆ ಅದು ಇದೆ.

ಈಗ ನಾಲಿಗೆ ತಡೆದ ವಿಷಯ.

2009ರ ಬೇಸಿಗೆಯಲ್ಲಿ ನಮ್ಮ ದೇವಸ್ಥಾನದ ಪೌಳಿಯಲ್ಲಿ ಜೀರ್ಣೋದ್ಧಾರದ ಸಭೆ ಸೇರಿತು. ನನಗೆ ಆಗತಾನೆ ಕಾಲೇಜಿನ ಕೆಲಸ ಖಾಯಮ್ಮಾಗಿತ್ತು. ಊರಿನಲ್ಲಿ ನಾಲ್ಕು ಜನರೆದುರು ಮಾತಾಡುವ ಯೋಗ್ಯತೆ ಬಂದಿದೆಯೆಂದು ನನಗೂ ಊರಿಗೂ ಅನ್ನಿಸಿದ ಕಾಲ. ಪೌಳಿಯ ಈಶಾನ್ಯದ ಮೂಲೆಯಲ್ಲಿ ಸೋರಿಕೆಯಿಂದ ಗಾರೆ ಉದುರಿತ್ತು. ಗರುಡನ ಒಂದು ರೆಕ್ಕೆ ಹೋಗಿತ್ತು. ಗೋಡೆಯ ಮೇಲಿಂದ ಕೆಳಗಿನವರೆಗೆ ಕಪ್ಪು ಕಲೆಯೊಂದು ಇಳಿದಿತ್ತು. ಮುಂಬಯಿಯಲ್ಲಿರುವ ಊರಿನವರೊಬ್ಬರು ಬಣ್ಣದ ಖರ್ಚನ್ನು ವಹಿಸಿಕೊಂಡಿದ್ದರು. ಹಿರಿಯರೊಬ್ಬರು, "ಚಿತ್ರ ಇದ್ದಿದ್ದು ಇರ್ಲಿ, ಆ ಮೂಲೆಯೊಂದನ್ನೇ ರಿಪೇರಿ ಮಾಡನ" ಎಂದರು. ಕಾವಿಯ ಕೆಲಸ ಬಲ್ಲವರು ಈಗ ಎಲ್ಲಿ ಸಿಗುತ್ತಾರೆ, ಹರಕು ಚಿತ್ರದ ಗೋಡೆಗಿಂತ ಶುಭ್ರವಾದ ಗೋಡೆ ದೇವರ ಸನ್ನಿಧಿಗೆ ಶೋಭೆ ಎಂದು ಎದ್ದುನಿಂತು ಹೇಳಿದವನು ನಾನು. ಒಂದೆರಡು ವಚನಗಳ ಭಾವವನ್ನೂ ನನ್ನ ಅನುಕೂಲಕ್ಕೆ ತಿರುಗಿಸಿಕೊಂಡೆ. ಚಪ್ಪಾಳೆ ಬೀಳಲಿಲ್ಲ, ಆದರೆ ಎಲ್ಲರೂ ತಲೆದೂಗಿದರು. ಉದುರಿದಲ್ಲಿ ಸಿಮೆಂಟು ಮೆತ್ತಿ, ಇಡೀ ಗೋಡೆಗೆ ಕೆನೆಬಣ್ಣದ ಪೇಂಟನ್ನು ಎರಡು ಕೋಟು ಬಳಿದರು.

ಇಷ್ಟಕ್ಕೇ ನಿಲ್ಲಲಿಲ್ಲ. ಬಾಗಿಲ ಪಕ್ಕ ಕೂರಿಸುವ ಅಮೃತಶಿಲೆಯ ಫಲಕಕ್ಕೆ ಒಳ್ಳೆಯ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡುವ ಭಾರವೂ ನನ್ನ ಮೇಲೆಯೇ ಬಿತ್ತು. ಬರೆದೆ. ಕಲ್ಲು ಕೊರೆಯುವವನು 'ಜೀರ್ಣೋದ್ಧಾರ'ದಲ್ಲಿ ಮಹಾಪ್ರಾಣವನ್ನು ಬಿಟ್ಟಿದ್ದ. ಅದನ್ನು ನಾನು ತಕ್ಷಣ ಕಂಡುಹಿಡಿದೆ; ತಿದ್ದಿಸುವವರೆಗೂ ಫಲಕವನ್ನು ಗೋಡೆಗೆ ಕೂರಿಸಗೊಡಲಿಲ್ಲ. ಒಂದು ಒತ್ತಕ್ಷರ ಬಿಟ್ಟದ್ದು ಕಂಡ ಕಣ್ಣಿಗೆ ಆರು ಮೊಳದ ಗರುಡ ಹೋದದ್ದು ಕಾಣಲಿಲ್ಲ. ತರಗತಿಯಲ್ಲಿ ಶಾಸನಗಳನ್ನು ಪಾಠ ಹೇಳುವಾಗ ದೇವಾಲಯದ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ದತ್ತಿ ಬಿಟ್ಟ ಮಾತು ಬಂದಾಗಲೆಲ್ಲ ಈಗ ನಾನು ಸ್ವಲ್ಪ ಬೇಗ ಮುಂದಿನ ಸಾಲಿಗೆ ಹೋಗುತ್ತೇನೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಅದನ್ನು ಸರಿಮಾಡಲು ದತ್ತಿ. ಉಳಿದದ್ದನ್ನು ಮುಚ್ಚಲು ಅಲ್ಲ.

ಹಾಲೆಂಡಿನವರು ಚಿತ್ರಕ್ಕೆ ಸುಣ್ಣ ಬಳಿದದ್ದು ಒಂದು ನಂಬಿಕೆಯಿಂದ. ಅದನ್ನು ಒಪ್ಪದಿರಬಹುದು, ಆದರೆ ಅದರ ಹಿಂದೊಂದು ವಿಚಾರವಿತ್ತು. ನಾವು ಬಳಿದದ್ದು ಯಾವುದರಿಂದ? ದೇವರ ಮೇಲೆ ಮುನಿಸಿರಲಿಲ್ಲ, ಚಿತ್ರದ ಮೇಲೆ ಹಗೆಯಿರಲಿಲ್ಲ. ಬಣ್ಣ ಪುಕ್ಕಟೆ ಬಂದಿತ್ತು.

ಮರುದಿನ ಬೆಳಿಗ್ಗೆ ಬೆಂಗಳೂರಿನ ಗೃಹಸ್ಥರು ಬಂದರು. ಹಳೆಯ ಚಿತ್ರಗಳನ್ನು ಸಂಗ್ರಹಿಸುವವರು. ಅವರನ್ನು ನೋಡುವ ಮೊದಲೇ ನನಗೆ ಅವರ ಮೇಲೆ ಒಂದು ಬಗೆಯ ಅಸಮಾಧಾನವಿತ್ತು. ನಮ್ಮ ಸೀಮೆಯ ಹಳೆಯ ಮನೆಗಳ ಕಂಬ, ಬಾಗಿಲು, ಕೆತ್ತನೆಯ ದಾರಂದಗಳನ್ನು ಲಾರಿಯಲ್ಲಿ ಹೇರಿ ಪಟ್ಟಣಕ್ಕೆ ಸಾಗಿಸುವವರನ್ನು ಕಂಡಿದ್ದೆ. ಹೋಟೆಲುಗಳ ಮುಂಬಾಗಿಲಲ್ಲಿ ನಮ್ಮ ಅಜ್ಜಂದಿರ ಜಗಲಿಯ ಕಂಬಗಳು ನಿಂತು ಬಂದವರಿಗೆ ಸಲಾಮು ಹೊಡೆಯುವುದನ್ನೂ ಕಂಡಿದ್ದೆ. ಇವರೂ ಅಂಥವರೇ ಎಂದುಕೊಂಡೆ. ತಪ್ಪು. ಅವರು ಮೊದಲು ಕೈ ತೊಳೆದು ಒರೆಸಿಕೊಂಡರು. ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬೆಳಕಿಗೆ ಓರೆಮಾಡಿ, ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದನ್ನೂ ಹತ್ತು ನಿಮಿಷ ನೋಡಿದರು. ಐದನೆಯ ಹಾಳೆಗೆ ಬಂದಾಗ ತಲೆಯೆತ್ತಿ, "ಇದು ಕುಂಚದ ಚಿತ್ರ ನೋಡಿ ಬರೆದದ್ದಲ್ಲ, ಕೆರೆದ ಚಿತ್ರ ನೋಡಿ ಬರೆದದ್ದು. ಗೆರೆಯ ಅಂಚಿನಲ್ಲಿ ನೆರಳು ಹಾಕಿದ್ದಾರೆ. ಗೋಡೆ ಎಲ್ಲಿದೆ?" ಎಂದರು.

ಚಿಕ್ಕಪ್ಪನ ಹಾಳೆಗಳನ್ನು ನಾನು ಬಾಲ್ಯದಿಂದ ನೋಡಿದ್ದೆ. ಆ ನೆರಳನ್ನು ನೋಡಿರಲಿಲ್ಲ.

ಗೋಡೆಗೆ ಬಣ್ಣ ಬಳಿದುಬಿಟ್ಟಿದ್ದಾರೆ ಎಂದೆ. ಕರ್ತೃಪದವನ್ನು ನುಂಗಿಕೊಂಡು ವಾಕ್ಯ ರಚಿಸುವ ಸೌಕರ್ಯ ಕನ್ನಡದಲ್ಲಿ ಎಷ್ಟು ಚೆನ್ನಾಗಿದೆಯೆಂಬುದು ಅಂದು ನನ್ನ ಅನುಭವಕ್ಕೆ ಬಂತು. ಚಿಕ್ಕಮ್ಮ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಸಂಗ್ರಾಹಕರಲ್ಲಿ ಜಾತಿಗಳಿವೆ. 1660ರಲ್ಲಿ ಇಂಗ್ಲೆಂಡಿನ 2ನೆಯ ಚಾರ್ಲ್ಸ್ ದೊರೆ ಮತ್ತೆ ಪಟ್ಟಕ್ಕೆ ಬಂದಾಗ ಅವನ ಸ್ನೇಹ ಬೇಕಾಗಿ ಹಾಲೆಂಡಿನವರು ಕೊಟ್ಟ ಉಡುಗೊರೆಯ ಚಿತ್ರಗಳಲ್ಲಿ ಸಾನ್ರೆಡಾಮನ ಚರ್ಚಿನ ಒಳನೋಟವೂ ಒಂದಿತ್ತು. ಹಾರ್ಲೆಮ್ ನಗರದ ಸೇಂಟ್ ಬಾವೋ ಚರ್ಚಿನ ದೊಡ್ಡ ತೈಲಚಿತ್ರ, ಈಗ ಎಡಿನ್‌ಬರೋದಲ್ಲಿದೆ. ರಾಜಕಾರಣದ ನಡುವೆ ಒಂದು ಖಾಲಿ ಗೋಡೆಯ ಚಿತ್ರಕ್ಕೆ ಏನು ಕೆಲಸವೋ! 19ನೆಯ ಶತಮಾನದಲ್ಲಿ ಹೇಗ್ ನಗರದ ಬೋಸ್‌ಬೋಮ್ ಎಂಬಾತ ನೀರುಬಣ್ಣದಲ್ಲಿ ಚರ್ಚುಗಳ ಒಳಗನ್ನು ಬರೆದೇ ಹೆಸರಾದ. ಇವನದು ಬೆಚ್ಚಗಿನ, ಕಂದುಬಣ್ಣದ ಬೆಳಕು. ಸಾನ್ರೆಡಾಮನ ತಣ್ಣನೆಯ ಬಿಳಿಯಲ್ಲ. ಅವನ ಹೆಂಡತಿ ಐತಿಹಾಸಿಕ ಕಾದಂಬರಿಗಳನ್ನು ಬರೆದು ಅಲ್ಲಿ ಮನೆಮಾತಾಗಿದ್ದಳಂತೆ. ಆ ಊರಿನ ಚಿತ್ರಕಾರರ ಕೃತಿಗಳನ್ನು ಕೊಂಡು ಕೂಡಿಹಾಕಿದ ಮೆಸ್ಡಾಗ್ ಎಂಬವನು ತಾನೇ ಒಬ್ಬ ಚಿತ್ರಕಾರ, ಸಮುದ್ರವನ್ನು ಬರೆಯುವವನು. 1903ರಲ್ಲಿ ತನ್ನ ಸಂಗ್ರಹವನ್ನು ಸರ್ಕಾರಕ್ಕೇ ಕೊಟ್ಟುಬಿಟ್ಟ.

ನಮ್ಮ ಜಿಲ್ಲೆಯಲ್ಲಿ ಈ ಬಗೆಯ ಹುಚ್ಚು ಹಿಡಿದವರು ಹೊನ್ನಾವರದ ಕೃಷ್ಣಾನಂದ ಕಾಮತರು. 1934ರಲ್ಲಿ ಹುಟ್ಟಿದವರು, ಕೀಟಶಾಸ್ತ್ರದ ವಿದ್ವಾಂಸರು, ಅಮೆರಿಕಕ್ಕೆ ಹೋಗಿ ಬಂದು ಅದರ ಕಥೆಯನ್ನು ಕನ್ನಡದಲ್ಲಿ ಸೊಗಸಾಗಿ ಬರೆದವರು. ಅವರು ಕೂಡಿಹಾಕಿದ್ದು ಕೊಂಡು ಒಯ್ಯಲಾಗದ್ದನ್ನು. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಕರಾವಳಿಯ ಗುಡಿಗಳನ್ನು ಸುತ್ತಿ ಕಾವಿಯ ಚಿತ್ರಗಳನ್ನು ತೆಗೆದರು; ಮಾಡುವ ಕ್ರಮವನ್ನು ಕೇಳಿ ಬರೆದಿಟ್ಟರು. 2002ರಲ್ಲಿ ಅವರು ತೀರಿಕೊಂಡರು. ಈಚೆಗೆ ಉಡುಪಿಯ ಕಡೆಯ ಕಲಾವಿದ ಜನಾರ್ದನ ಹಾವಂಜೆಯವರು ಅದೇ ಕಾವಿಯನ್ನು ಮತ್ತೆ ಕೈಯಲ್ಲಿ ಮಾಡಿ ಕಲಿಸುತ್ತಿದ್ದಾರೆ. ಕಲಿತವರು ಎಲ್ಲಿ ಸಿಗುತ್ತಾರೆ ಎಂದು 2009ರಲ್ಲಿ ಕೇಳಿದ್ದೆನಲ್ಲ, ಕೇಳಿದ ಮೇಲೆ ಹುಡುಕಬೇಕಿತ್ತು.

ಗೃಹಸ್ಥರು ಊಟಕ್ಕೆ ಕುಳಿತಿದ್ದಾಗ ನಾನು ಎರಡು ಹಾಳೆಗಳನ್ನು ಹಿಡಿದುಕೊಂಡು ದೇವಸ್ಥಾನಕ್ಕೆ ಹೋದೆ. ಕೆನೆಬಣ್ಣದ ಗೋಡೆಯ ಮುಂದೆ ನಿಂತು ಆನೆ ಎಲ್ಲಿತ್ತು, ಹನುಮ ಎಲ್ಲಿದ್ದ ಎಂದು ಅಂದಾಜು ಮಾಡಿದೆ. ಸಾನ್ರೆಡಾಮ್ ಈ ವಿಷಯದಲ್ಲಿ ಬಹಳ ಶಿಸ್ತಿನವನು. 1636ರ ಬೇಸಿಗೆಯಲ್ಲಿ ಉಟ್ರೆಕ್ಟಿಗೆ ಹೋಗಿ, ತಿಂಗಳುಗಟ್ಟಲೆ ಅಲ್ಲಿದ್ದು, ಒಂದಾದ ಮೇಲೊಂದು ಚರ್ಚನ್ನು ಬರೆದ. ಹಾಳೆಯ ಮೇಲೆ ದಿನಾಂಕ ಹಾಕುತ್ತಿದ್ದ, ಕಟ್ಟಡವನ್ನು ಅಳೆಯುತ್ತಿದ್ದ. ಆ ಅಳತೆಯಿಂದ ಮತ್ತೊಂದು ನಕ್ಷೆ ತಯಾರಿಸಿ, ಎಷ್ಟೋ ವರ್ಷಗಳ ನಂತರ ತೈಲಚಿತ್ರ ಬರೆಯುತ್ತಿದ್ದ. ಅಲ್ಲಿಯ ಸೇಂಟ್ ಮೇರಿ ಚರ್ಚನ್ನು 19ನೆಯ ಶತಮಾನದಲ್ಲಿ ಕೆಡವಿಹಾಕಿದರು; ಕೈಸಾಲೆಯ ಅಂಗಳವೊಂದು ಉಳಿದಿದೆ. ಆ ಚರ್ಚು ಹೇಗಿತ್ತೆಂದು ಇಂದು ತಿಳಿಯಬೇಕಾದವರು ಸಾನ್ರೆಡಾಮನ ಹಾಳೆಗಳನ್ನೇ ನೋಡಬೇಕು. ಅವುಗಳಲ್ಲಿ ಬಹಳಷ್ಟು ಅದೇ ಊರಿನ ದಫ್ತರಖಾನೆಯಲ್ಲಿ ಇವೆ.

ನಮ್ಮ ಚಿಕ್ಕಪ್ಪ ಅಳೆದವನಲ್ಲ. ಇಷ್ಟವಾದದ್ದನ್ನು ದೊಡ್ಡದಾಗಿ ಬರೆದ. ಅವನ ಗರುಡ ಕಂಬಕ್ಕಿಂತ ಎತ್ತರ. ಹಂಸಗಳನ್ನು ಒಂದು ಹಾಳೆಯಲ್ಲಿ 11, ಇನ್ನೊಂದರಲ್ಲಿ 13 ಬರೆದಿದ್ದಾನೆ. ಒಂದೇ ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ 'ಆನೆ – 4 ಗೇಣು' ಎಂದಿತ್ತು. ಅವನ ಗೇಣು ಎಷ್ಟು ಉದ್ದವಿತ್ತೆಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಕಿವಿ ಹಿಂಡಿದ ಕೈ, ಮರೆಯುವಂಥದಲ್ಲ. ಆದರೂ ಅಂಗುಲದ ಲೆಕ್ಕಕ್ಕೆ ಅದು ದಕ್ಕಲಿಲ್ಲ. ಗೋಡೆಯ ಮೇಲೆ ನನ್ನ ಗೇಣಿನಿಂದಲೇ 4 ಅಳೆದು ಬಂದೆ. ಭಟ್ಟರ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಊರು ಈಗ ನನ್ನನ್ನೂ ಅನುಮಾನದಿಂದ ನೋಡುತ್ತಿರಬಹುದು.

ಗೃಹಸ್ಥರು 3 ಹಾಳೆಗಳನ್ನು ಕೇಳಿದರು. ಕೊಡಲೊಪ್ಪಿದ ಹಣ ಚಿಕ್ಕಮ್ಮನ ಮನೆಯ ಮಾಡಿನ ಪಕಾಸು ರೀಪು ಬದಲಿಸಲು ಸಾಕಾಗುವಷ್ಟಿತ್ತು. ಬೇಡವೆನ್ನಬೇಕೆಂದು ನನ್ನ ಬಾಯಿಗೆ ಬಂದಿತ್ತು. ನಮ್ಮ ಊರಿನ ಆಸ್ತಿ, ಸಂಸ್ಕೃತಿ ಇತ್ಯಾದಿ ಒಳ್ಳೆಯ ಶಬ್ದಗಳೂ ಸಿದ್ಧವಾಗಿದ್ದವು. ಆದರೆ ನಾನು ಫಲಕ ಬರೆದವನು, ಸುಮ್ಮನೆ ಕುಳಿತೆ. ಎಲ್ಲ ಹಾಳೆಗಳ ಫೋಟೋ ತೆಗೆದು ಕಾಲೇಜಿನ ಗ್ರಂಥಾಲಯಕ್ಕೆ ಕೊಡುತ್ತೇನೆಂದು ಮಾತ್ರ ಹೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಹಾಳೆಯನ್ನು ಬೆಳಕಿಗೆ ಹೇಗಿಡಬೇಕೆಂದು ಅವರೇ ತೋರಿಸಿಕೊಟ್ಟರು.

ಚಿಕ್ಕಮ್ಮ ಕೊಟ್ಟದ್ದು ಎರಡು. ಮೂರನೆಯದನ್ನು ಹಿಂದಕ್ಕೆ ಎಳೆದುಕೊಂಡಳು. ಅದು ಈಶಾನ್ಯದ ಮೂಲೆಯ ಚಿತ್ರ; 9ರಲ್ಲಿ ಅದೇನೂ ಬಹಳ ಚೆನ್ನಾದದ್ದಲ್ಲ. ಕಾರು ಘಾಟಿಯ ಕಡೆ ಹೊರಳಿದ ಮೇಲೆ, ಅದನ್ನೇ ಯಾಕೆ ಇಟ್ಟುಕೊಂಡೆ ಎಂದು ಕೇಳಿದೆ.

"ನೋಡು, ಮಳೆನೀರು ಇಳಿದ ಕಲೆನೂ ಬರೆದ್ದ" ಎಂದು ಹಾಳೆಯ ಮೇಲೆ ಬೆರಳಿಟ್ಟಳು. ಹೌದು, ಗರುಡನ ರೆಕ್ಕೆಯ ಪಕ್ಕದಲ್ಲಿ, ಮೇಲಿಂದ ಕೆಳಕ್ಕೆ, ನೀಲಿ ಬೆರೆಸಿದ ತೆಳುಗಪ್ಪಿನಲ್ಲಿ ಸೋರಿಕೆಯ ಕಲೆ. ಕಾಗದ ಹಾಳಾದದ್ದೆಂದು ನಾನು ಇಷ್ಟು ವರ್ಷವೂ ತಿಳಿದಿದ್ದೆ. "ದೇವಸ್ಥಾನದ ಗೋಡೆಲಿ ಕಲೆ ಬರೀತ್ಯಲ, ಯಾರಾದ್ರೂ ನೋಡಿದ್ರೆ ಎಂತ ಹೇಳ್ತ ಅಂದಿ. ಇದ್ದಿದ್ದು ಬರೆದಿ ಅಂದ."

ಆ ಕಲೆ ಈ ವರ್ಷದ ಆಷಾಢದಲ್ಲಿ ಕೆನೆಬಣ್ಣದ ಮೇಲೂ ಎದ್ದಿದೆ ಎಂದು ಆಕೆಗೆ ಹೇಳಿದೆ. ಬೆಳಿಗ್ಗೆ ನೋಡಿ ಬಂದಿದ್ದೆ. ಅದೇ ಜಾಗ, ಅದೇ ಉದ್ದ. ಸುಣ್ಣದ ಗೋಡೆ ಕುಡಿದ ನೀರನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟೂ ಪೇಂಟೂ ಅದರ ಬಾಯಿ ಕಟ್ಟುತ್ತವೆ, ನೀರು ಒಳಗೇ ನಿಲ್ಲುತ್ತದೆ ಎಂದು ನಾನು ಈಚೆಗೆ ಓದಿ ತಿಳಿದುಕೊಂಡದ್ದನ್ನು ವಿವರಿಸತೊಡಗಿದೆ.

ಚಿಕ್ಕಮ್ಮ ಹಾಳೆಯ ಮೇಲೆ ಲಕ್ಕಿ ಸೊಪ್ಪು ಹಾಕಿ ಪಂಚೆಯನ್ನು ಮಡಚುತ್ತಿದ್ದಳು.

"ಆ ಮೂಲೆಯ ಹಂಚು ಬದಲು ಮಾಡಿದ್ರಾ?"

ಬಣ್ಣ ಬಳಿಸಿದ್ದೆವು, ಫಲಕ ಕೂರಿಸಿದ್ದೆವು. ಹಂಚಿನ ಮಾತು ಆ ಸಭೆಯಲ್ಲಿ ಬಂದ ನೆನಪಿಲ್ಲ.